ಪ್ರೊ. ಮಧು ದಂಡವತೆ: ಎರಡನೇ ದರ್ಜೆಯ ಬರ್ತಿಗೆ ಮೆತ್ತೆ ಒದಗಿಸಿದ ರೈಲ್ವೆ ಸಚಿವರು

ಯಾದಗಿರಿ ರೈಲು ನಿಲ್ದಾಣವು ಮುಂಬಯಿ–ಚೆನ್ನೈ ಮುಖ್ಯ ಮಾರ್ಗದಲ್ಲಿದೆ. ಶಹಾಪುರ ಮತ್ತು ಸುರಪುರ ಪಟ್ಟಣಗಳಿಗೆ ರೈಲು ಸಂಪರ್ಕವಿಲ್ಲದ ಕಾರಣ ಅಲ್ಲಿನ ನಾಗರಿಕರು ಬಸ್ಸಿನಲ್ಲಿ ಯಾದಗಿರಿಗೆ ಬಂದು, ಬೆಂಗಳೂರು ಅಥವಾ ಮುಂಬಯಿ ಕಡೆಗೆ ಪ್ರಯಾಣ ಬೆಳೆಸುತ್ತಾರೆ. ದುಡಿಮೆ, ವ್ಯಾಸಂಗ ಹಾಗೂ ಚಿಕಿತ್ಸೆಗಾಗಿ ತೆರಳುವ ಅನೇಕರು ಸ್ಲೀಪರ್ ದರ್ಜೆಯನ್ನು ಅವಲಂಬಿಸಿರುತ್ತಾರೆ. ಈ ದರ್ಜೆಯ ಸ್ವರೂಪವನ್ನು ಬದಲಿಸಿದ ಪ್ರೊ. ಮಧು ದಂಡವತೆಯವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಸಾರ್ವಜನಿಕ ಜೀವನ

ಶ್ರೀಯುತರು 1924ರ ಜನವರಿ 21ರಂದು ಮಹಾರಾಷ್ಟ್ರದ ಅಹಮದ್‌ನಗರದಲ್ಲಿ ಜನಿಸಿದರು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿಯೂ, ತದನಂತರ 1955ರ ಗೋವಾ ಸತ್ಯಾಗ್ರಹದಲ್ಲಿಯೂ ಭಾಗವಹಿಸಿದರು. ಮುಂಬಯಿಯ ಸಿದ್ಧಾರ್ಥ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದರು. 1971ರಲ್ಲಿ ರಾಜಾಪುರ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. 1975ರ ಜೂನ್ ತಿಂಗಳಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ, ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅವರನ್ನು ಬಂಧಿಸಿ ಅಲ್ಲಿನ ಕೇಂದ್ರ ಕಾರಾಗೃಹದಲ್ಲಿ ಇರಿಸಲಾಯಿತು.

ರೈಲ್ವೆ ಸಚಿವರಾಗಿ (1977–1979)

1974ರಲ್ಲಿ ಮೂರನೇ ದರ್ಜೆ ರದ್ದಾಗಿ ಎರಡನೇ ದರ್ಜೆ ಎಂಬ ಹೆಸರು ಬಂದಿತಾದರೂ ಮರದ ಹಲಗೆಯ ಬರ್ತುಗಳು ಹಾಗೆಯೇ ಉಳಿದಿದ್ದವು. ಸೆರೆಮನೆಯಿಂದ ಹೊರಬಂದು ಸಚಿವರಾದ ದಂಡವತೆಯವರು ಈ ಬರ್ತುಗಳಿಗೆ ಎರಡು ಅಂಗುಲದ ಫೋಮ್ ಮೆತ್ತೆ ಒದಗಿಸಲು ಕ್ರಮ ಕೈಗೊಂಡರು. ಮೊದಲ ದರ್ಜೆಯನ್ನು ಕೆಳಗಿಳಿಸುವುದಲ್ಲ, ಎರಡನೇ ದರ್ಜೆಯನ್ನು ಮೇಲೆತ್ತುವುದು ಅವರ ಧೋರಣೆಯಾಗಿತ್ತು. 1977ರ ಡಿಸೆಂಬರ್ 26ರಂದು ಮುಂಬಯಿ–ಹೌರಾ ನಡುವೆ ಆರಂಭವಾದ ಗೀತಾಂಜಲಿ ಎಕ್ಸ್‌ಪ್ರೆಸ್‌ನಲ್ಲಿ ಮೊದಲ ದರ್ಜೆಯೇ ಇರಲಿಲ್ಲ. 1974ರ ಮುಷ್ಕರದಲ್ಲಿ ಕೆಲಸ ಕಳೆದುಕೊಂಡಿದ್ದ ನೌಕರರನ್ನು ಪುನಃ ಸೇವೆಗೆ ತೆಗೆದುಕೊಳ್ಳಲಾಯಿತು. ಟಿಕೆಟ್ ಕಾಯ್ದಿರಿಸುವಿಕೆಯ ಗಣಕೀಕರಣಕ್ಕೂ ಅವರ ಅವಧಿಯಲ್ಲಿಯೇ ಚಾಲನೆ ದೊರೆಯಿತು.

ದರ ಮತ್ತು ಬರ್ತುಗಳ ಲೆಕ್ಕ

ಇಂದಿನ ಎಲ್‌ಎಚ್‌ಬಿ ಮಾದರಿಯ ಸ್ಲೀಪರ್ ಬೋಗಿಯಲ್ಲಿ 80 ಬರ್ತುಗಳೂ, ಹವಾನಿಯಂತ್ರಿತ ಮೊದಲ ದರ್ಜೆಯ ಬೋಗಿಯಲ್ಲಿ 24 ಬರ್ತುಗಳೂ ಇರುತ್ತವೆ. ಎರಡೂ ಬೋಗಿಗಳು ಭರ್ತಿಯಾದಲ್ಲಿ, ಸ್ಲೀಪರ್ ದರವು ಮೊದಲ ದರ್ಜೆಯ ದರದ ಹತ್ತರಲ್ಲಿ ಮೂರು ಭಾಗದಷ್ಟಿದ್ದರೂ ಒಂದು ಬೋಗಿಯ ಆದಾಯ ಸಮನಾಗುತ್ತದೆ. ಅಂದರೆ ಕಡಿಮೆ ದರದ ಪ್ರಯಾಣಿಕರು ಒಟ್ಟಾಗಿ ತುಂಬುವ ಮೊತ್ತ ಕಡಿಮೆಯೆಂದು ಭಾವಿಸುವಂತಿಲ್ಲ. ಮರುದಿನ ಬೆಳಿಗ್ಗೆ ಕೂಲಿಗೆ ಹಾಜರಾಗಬೇಕಾದವರಿಗೆ ರಾತ್ರಿಯ ನಿದ್ರೆ ಅತ್ಯಗತ್ಯ. ಮೆತ್ತೆಯು ಉಪಕಾರವಲ್ಲ, ಪಾವತಿಸಿದ ದರಕ್ಕೆ ಸಲ್ಲಬೇಕಾದ ಸೌಲಭ್ಯ ಎಂಬುದನ್ನು ದಂಡವತೆಯವರ ಕ್ರಮವು ಸ್ಥಾಪಿಸಿತು. ಮೊದಲು ಪ್ರಮುಖ ಮಾರ್ಗಗಳಲ್ಲಿ ಜಾರಿಗೆ ಬಂದ ಈ ಸೌಲಭ್ಯವು ಕ್ರಮೇಣ ಎಲ್ಲೆಡೆ ವಿಸ್ತರಿಸಿತು.

ನಂತರದ ವರ್ಷಗಳು

1989–90ರಲ್ಲಿ ಅವರು ಕೇಂದ್ರ ಹಣಕಾಸು ಸಚಿವರಾಗಿದ್ದರು. ಕರಾವಳಿ ಕರ್ನಾಟಕವನ್ನು ಮುಂಬಯಿಗೆ ಜೋಡಿಸಿದ ಕೊಂಕಣ ರೈಲ್ವೆ ಯೋಜನೆಗೂ ಶ್ರಮಿಸಿದರು. 2005ರ ನವೆಂಬರ್ 12ರಂದು ಮುಂಬಯಿಯಲ್ಲಿ ನಿಧನರಾದರು. ಅವರ ಇಚ್ಛೆಯಂತೆ ದೇಹವನ್ನು ವೈದ್ಯಕೀಯ ಶಿಕ್ಷಣಕ್ಕೆ ದಾನ ಮಾಡಲಾಯಿತು.

ಪ್ರಯಾಣಿಕರ ಗಮನಕ್ಕೆ

ಸ್ಲೀಪರ್ ದರ್ಜೆಯ ಮಧ್ಯದ ಬರ್ತನ್ನು ರಾತ್ರಿ 10ರಿಂದ ಬೆಳಿಗ್ಗೆ 6 ಗಂಟೆಯವರೆಗೆ ಮಲಗಲು ಬಳಸಬಹುದು. ಆರ್‌ಎಸಿ ಟಿಕೆಟ್ ಪಡೆದವರಿಗೆ ಪಕ್ಕದ ಸಾಲಿನ ಕೆಳ ಬರ್ತಿನಲ್ಲಿ ಇಬ್ಬರಿಗೆ ಕುಳಿತುಕೊಳ್ಳಲು ಸ್ಥಳ ನೀಡಲಾಗುತ್ತದೆ. ಬರ್ತು ತೆರವಾದಲ್ಲಿ ಸರದಿಯಂತೆ ಪೂರ್ಣ ಬರ್ತು ದೊರೆಯುತ್ತದೆ. ಸಾರ್ವಜನಿಕರು ಇದನ್ನು ಗಮನಿಸಿ ಮುಂಚಿತವಾಗಿ ಕಾಯ್ದಿರಿಸಿಕೊಳ್ಳಲು ಕೋರಲಾಗಿದೆ.