ಬೆಳಕನ್ನು ಕೂಡಿಸಿದ ವೈನು ಬಪ್ಪು

ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಸಣ್ಣ ಕಂಡಿಯೊಂದರಿಂದ ಬಂದ ಬೆಳಕು ರಾಜಗೋಪುರವನ್ನು ಒಳಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುವ ಸೋಜಿಗ ಸಂಡೂರು ಸೀಮೆಯವರಿಗೆ ಪರಿಚಿತವಾದದ್ದೇ. ಕಂಡಿ ಕಿರಿದಾದ್ದರಿಂದ ಆ ಬಿಂಬ ಮಸುಕು. ವಿಶಾಲವಾದ ನಿಮ್ನ ದರ್ಪಣವೂ ದೂರದ ವಸ್ತುವನ್ನು ಹೀಗೆಯೇ ತಲೆಕೆಳಗಾಗಿ ಮೂಡಿಸುತ್ತದೆ. ಆದರೆ ತನ್ನ ಮೈಮೇಲೆ ಬಿದ್ದ ಬೆಳಕನ್ನೆಲ್ಲ ನಾಭಿಯಲ್ಲಿ ಕೂಡಿಸುವುದರಿಂದ ಬಿಂಬ ಉಜ್ವಲವಾಗುತ್ತದೆ. ಅಂತಹ ಹಿರಿಯ ದರ್ಪಣವೊಂದನ್ನು ಭಾರತದಲ್ಲಿಯೇ ರೂಪಿಸಬೇಕೆಂದು ಬಾಳನ್ನು ತೇಯ್ದವರು ಖಗೋಳವಿಜ್ಞಾನಿ ವೈನು ಬಪ್ಪು.

ಅವರು ಜನಿಸಿದ್ದು 1927ರ ಆಗಸ್ಟ್ 10ರಂದು. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸದಲ್ಲಿದ್ದುದರಿಂದ ಬಾಲಕನಿಗೆ ನಕ್ಷತ್ರಗಳ ಒಡನಾಟ ಎಳವೆಯಲ್ಲಿಯೇ ಒದಗಿತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ, 1949ರಲ್ಲಿ, ಹೊಸ ಧೂಮಕೇತುವೊಂದನ್ನು ಕಂಡುಹಿಡಿದರು. ಮುಂದೆ ಪಾಲೊಮಾರ್ ಪರ್ವತದ 200 ಅಂಗುಲದ ಮಹಾದರ್ಪಣದ ಬಳಿ ಕೆಲಸ ಮಾಡುವ ಭಾಗ್ಯವೂ ದೊರೆಯಿತು. ಅಲ್ಲಿಯೇ ನೆಲೆಸಿದ್ದರೆ ಕೀರ್ತಿಗೆ ಕೊರತೆಯಿರುತ್ತಿರಲಿಲ್ಲ; ಆದರೂ 1953ರಲ್ಲಿ ತಾಯ್ನಾಡಿಗೆ ಮರಳಿದರು. ಓಲಿನ್ ವಿಲ್ಸನ್ನರೊಡನೆ ನಡೆಸಿದ ಸಂಶೋಧನೆ 1957ರಲ್ಲಿ ಪ್ರಕಟವಾಗಿ, ಇಬ್ಬರ ಹೆಸರೂ ಖಗೋಳಶಾಸ್ತ್ರದಲ್ಲಿ ಸ್ಥಿರವಾಯಿತು.

1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದ ಬಪ್ಪು, ಇರುಳಿನ ವೀಕ್ಷಣೆಗೆ ತಕ್ಕ ತಾಣವನ್ನರಸಿ ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರನ್ನು ಆರಿಸಿಕೊಂಡರು. ಅಲ್ಲಿ 1968ರಲ್ಲಿ 38 ಸೆಂಟಿಮೀಟರಿನ, 1972ರಲ್ಲಿ 102 ಸೆಂಟಿಮೀಟರಿನ ದೂರದರ್ಶಕಗಳು ನೆಲೆಗೊಂಡವು. ಎರಡನೆಯದು ಜರ್ಮನಿಯಲ್ಲಿ ನಿರ್ಮಾಣವಾದದ್ದು. ಅವರ ಮನಸ್ಸು ಅಷ್ಟಕ್ಕೆ ತಣಿಯಲಿಲ್ಲ. 234 ಸೆಂಟಿಮೀಟರ್ ವ್ಯಾಸದ ದರ್ಪಣಕ್ಕೆ ಗಾಜಿನ ಬಿಲ್ಲೆ ಹೊರನಾಡಿನಿಂದ ಬಂದರೂ, ಅದನ್ನು ಉಜ್ಜಿ ನಯಗೊಳಿಸಿ ಬಾಗನ್ನು ತಿದ್ದುವ ಸೂಕ್ಷ್ಮ ಕಾರ್ಯ ಬೆಂಗಳೂರಿನಲ್ಲಿ, ಅವರೇ ಕಟ್ಟಿಬೆಳೆಸಿದ ಭಾರತೀಯ ಖಭೌತ ಸಂಸ್ಥೆಯಲ್ಲಿ, ನಮ್ಮವರ ಕೈಯಿಂದಲೇ ನಡೆಯಿತು.

ಬಿಂಬವನ್ನು ಹಿಗ್ಗಿಸುವುದಷ್ಟೇ ಇಂತಹ ದರ್ಪಣದ ಹಿರಿಮೆಯೆಂದು ತಿಳಿಯಲಾಗದು. ಅದರ ನಾಭಿದೂರ ಸುಮಾರು 7.6 ಮೀಟರ್; ಅಲ್ಲಿ ಮೂಡುವ ಚಂದ್ರಬಿಂಬ ಅಂಗೈಯಗಲ, ಸುಮಾರು 7 ಸೆಂಟಿಮೀಟರ್ ಮಾತ್ರ. ನಾಭಿದೂರ ಹೆಚ್ಚಿದಷ್ಟೂ ಬಿಂಬ ಹಿರಿದಾಗುವುದು ನಿಜ. ಆದರೆ ದೂರದ ನಕ್ಷತ್ರ ಎಷ್ಟು ಹಿಗ್ಗಿಸಿದರೂ ಚುಕ್ಕೆಯೇ. ಈ ದರ್ಪಣದ ಬಲವಿರುವುದು ಬೆಳಕಿನ ಸಂಗ್ರಹದಲ್ಲಿ: 102 ಸೆಂಟಿಮೀಟರಿನದಕ್ಕಿಂತ ಐದು ಪಟ್ಟಿಗೂ ಮಿಗಿಲು. ಕಾಣದಿದ್ದುದು ಕಾಣುವುದು ಅದರಿಂದ.

1979ರಲ್ಲಿ ಬಪ್ಪು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು. 1982ರ ಆಗಸ್ಟ್ 19ರಂದು, ದರ್ಪಣ ಇನ್ನೂ ಆಕಾಶವನ್ನು ಕಾಣದಿರುವಾಗಲೇ, ಮ್ಯೂನಿಕ್ ನಗರದಲ್ಲಿ ತೀರಿಕೊಂಡರು. ಆಗ ಅವರಿಗೆ ಕೇವಲ 55 ವರ್ಷ. ಅವರ ಕೈಕೆಳಗೆ ಪಳಗಿದವರು ಕೆಲಸವನ್ನು ನಿಲ್ಲಿಸಲಿಲ್ಲ. 1986ರ ಜನವರಿಯಲ್ಲಿ ದೂರದರ್ಶಕ ರಾಷ್ಟ್ರಕ್ಕೆ ಸಮರ್ಪಿತವಾಗಿ, ವೀಕ್ಷಣಾಲಯದೊಡನೆ ಅವರ ಹೆಸರನ್ನೇ ಹೊತ್ತಿತು. ತಾನು ನೋಡಲಾರದ ಬೆಳಕನ್ನು ಪರರ ಕಣ್ಣಿಗೆ ಕೂಡಿಸಿಕೊಟ್ಟದ್ದೇ ಆ ಬಾಳಿನ ಸಾರ್ಥಕ್ಯ.