ಹಿಡಿ ಅಕ್ಕಿಯ ಋಣ ತೀರಿಸಿದ ಕಾಮರಾಜರು

ಬೆಟ್ಟಕ್ಕೆ ಬರುವ ಭಕ್ತರಿಗೆ ದಾಸೋಹ ಅಂದರೆ ಏನು ಅಂತ ಬೇರೆ ಹೇಳಬೇಕಾಗಿಲ್ಲ. ಮೆಟ್ಟಿಲು ಹತ್ತಿ ದಣಿದವರು ದರ್ಶನ ಮುಗಿಸಿ ಪಂಕ್ತಿಯಲ್ಲಿ ಕೂರುತ್ತಾರೆ. ಯಾವ ಊರು, ಯಾವ ಕುಲ ಅಂತ ಯಾರೂ ಕೇಳುವುದಿಲ್ಲ. ಎಲೆಗೆ ಬಿಸಿ ಅನ್ನ ಬೀಳುತ್ತದೆ. ಇಂಥದೇ ಪಂಕ್ತಿಯನ್ನು ಶಾಲೆಯ ಜಗಲಿಗೆ ತಂದು, ಬಡವರ ಮಕ್ಕಳನ್ನು ಕೂರಿಸಿ ಉಣ್ಣಲಿಕ್ಕೆ ಹಾಕಿಸಿದ ಪುಣ್ಯಾತ್ಮರು ಕೆ. ಕಾಮರಾಜರು. ಅವರು ಮಠಾಧಿಪತಿಗಳಲ್ಲ, ಸಂತರೂ ಅಲ್ಲ, ರಾಜಕೀಯದಲ್ಲಿ ಇದ್ದವರು. ಆದರೂ ಅನ್ನದಾನಿಗಳ ಹೆಸರು ಹೇಳುವಾಗ ಅವರನ್ನು ಬಿಡುವಂತಿಲ್ಲ.

ಕಾಮರಾಜರು ಹುಟ್ಟಿದ್ದು 1903ರ ಜುಲೈ 15ರಂದು, ಈಗಿನ ತಮಿಳುನಾಡಿನ ವಿರುದುನಗರದಲ್ಲಿ. ಆಗ ಆ ಊರಿಗೆ ವಿರುದುಪಟ್ಟಿ ಎಂಬ ಹೆಸರಿತ್ತು. ತಂದೆ ಕುಮಾರಸ್ವಾಮಿ, ತಾಯಿ ಶಿವಕಾಮಿ ಅಮ್ಮಾಳ್. ಮನೆದೇವತೆ ಕಾಮಾಕ್ಷಿಯ ಹೆಸರನ್ನೇ ಮಗುವಿಗೆ ಇಟ್ಟರು. ತಾಯಿ ಪ್ರೀತಿಯಿಂದ ರಾಜಾ ಅಂತ ಕರೆಯುತ್ತಿದ್ದರು. ಎರಡೂ ಕೂಡಿ ಕಾಮರಾಜ ಆಯ್ತು. ಇವರದು ನಾಡಾರ್ ಕುಲ. ಆ ಕಾಲದಲ್ಲಿ ಆ ಕಡೆಯ ಅನೇಕ ದೇವಸ್ಥಾನಗಳ ಒಳಗೆ ಈ ಜನಕ್ಕೆ ಪ್ರವೇಶವೇ ಇರಲಿಲ್ಲ.

ಬಾಲಕ ಕಾಮರಾಜರು ಓದಿದ್ದು ವಿರುದುನಗರದ ಕ್ಷತ್ರಿಯ ವಿದ್ಯಾಶಾಲೆಯಲ್ಲಿ. ಈ ಶಾಲೆ ನಡೆಯುತ್ತಿದ್ದ ರೀತಿ ತಿಳಿಯಬೇಕಾದ್ದು. ಆ ಊರಿನ ನಾಡಾರ್ ಮನೆಗಳ ಹೆಂಗಸರು ದಿನಾ ಅಡಿಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಇಡುತ್ತಿದ್ದರು. ಮನೆಮನೆಯಿಂದ ಆ ಹಿಡಿ ಅಕ್ಕಿ ಕೂಡಿಸಿ, ಅದರಿಂದ ಬಂದ ಹಣದಲ್ಲಿ ಶಾಲೆ ನಡೆಸುತ್ತಿದ್ದರು. ಮಕ್ಕಳಿಗೆ ಫೀಜು ಇರಲಿಲ್ಲ. ಕಾಮರಾಜರು ಕಲಿತ ನಾಲ್ಕಕ್ಷರ ಆ ತಾಯಂದಿರ ಹಿಡಿ ಅಕ್ಕಿಯ ಋಣ.

ಶಾಲೆಯ ಒಂದು ಪ್ರಸಂಗವನ್ನು ಹೇಳುತ್ತಾರೆ. ಗಣೇಶನ ಹಬ್ಬದ ದಿವಸ ಪ್ರಸಾದ ಹಂಚುವಾಗ ಹುಡುಗರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನುಗ್ಗಿದರಂತೆ. ಕಾಮರಾಜ ಮಾತ್ರ ನುಗ್ಗದೆ ಹಿಂದೆ ನಿಂತಿದ್ದ. ಅವನ ಸರದಿ ಬರುವಷ್ಟರಲ್ಲಿ ಕೈಗೆ ಸಿಕ್ಕಿದ್ದು ಸ್ವಲ್ಪವೇ. ಮನೆಯಲ್ಲಿ ಯಾಕೆ ಇಷ್ಟೇ ತಂದೆ ಅಂತ ಕೇಳಿದಾಗ, ಎಲ್ಲರಿಗೂ ಸಮನಾಗಿ ಹಂಚುವುದು ಮೇಷ್ಟ್ರ ಕೆಲಸ ಅಲ್ಲವೇ ಎಂದು ಹುಡುಗ ತಿರುಗಿ ಕೇಳಿದನಂತೆ. ನುಗ್ಗಲು ಆಗದವನಿಗೂ ಪಾಲು ತಲುಪಬೇಕು ಎಂಬುದು ಅವರಿಗೆ ಅಷ್ಟು ಚಿಕ್ಕಂದಿನಲ್ಲೇ ಹೊಳೆದಿತ್ತು.

ಆರು ವರ್ಷದವರಿದ್ದಾಗಲೇ ತಂದೆ ತೀರಿಕೊಂಡರು. ಮನೆಯ ಭಾರ ತಾಯಿಯ ಮೇಲೆ ಬಿತ್ತು. ಶಾಲೆಗೆ ಫೀಜು ಇಲ್ಲದಿದ್ದರೂ ಮನೆಯಲ್ಲಿ ಒಲೆ ಉರಿಯಬೇಕಲ್ಲ? ಹನ್ನೆರಡು ವರ್ಷ ತುಂಬುವ ಹೊತ್ತಿಗೆ ಓದು ನಿಂತುಹೋಯಿತು. ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತರು. ಬಡವರ ಮಕ್ಕಳು ಶಾಲೆ ಬಿಡುವುದು ಬುದ್ಧಿ ಇಲ್ಲದೆ ಅಲ್ಲ, ಹೊಟ್ಟೆಗೆ ಇಲ್ಲದೆ ಎಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

1919ರ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ಸುದ್ದಿ ಕೇಳಿದ ಮೇಲೆ ಅವರ ಮನಸ್ಸು ಅಂಗಡಿಯಲ್ಲಿ ನಿಲ್ಲಲಿಲ್ಲ. ಕಾಂಗ್ರೆಸ್ ಸೇರಿದರು. ದೇವಸ್ಥಾನದ ಸುತ್ತಲಿನ ಬೀದಿಯಲ್ಲಿ ಎಲ್ಲರೂ ಓಡಾಡಬೇಕು ಎಂದು ನಡೆದ ವೈಕಂ ಸತ್ಯಾಗ್ರಹಕ್ಕೂ ಹೋದರು. 1930ರಲ್ಲಿ ವೇದಾರಣ್ಯದ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಯಾದರು. ಮುಂದೆ ಹಲವು ಸಲ ಸೆರೆಮನೆ ಕಂಡರು. ಒಟ್ಟು ಲೆಕ್ಕ ಹಾಕಿದರೆ ಸುಮಾರು ಒಂಬತ್ತು ವರ್ಷ ಜೈಲಿನಲ್ಲೇ ಕಳೆಯಿತು. ಮದುವೆ ಆಗಲಿಲ್ಲ.

1954ರ ಏಪ್ರಿಲ್ 13ರಂದು ಕಾಮರಾಜರು ಮದರಾಸು ರಾಜ್ಯದ ಮುಖ್ಯಮಂತ್ರಿಗಳಾದರು. ಆಗ ನಮ್ಮ ಕೊಳ್ಳೇಗಾಲ ಸೀಮೆ ಮತ್ತು ದಕ್ಷಿಣ ಕನ್ನಡ ಎರಡೂ ಮದರಾಸು ರಾಜ್ಯಕ್ಕೇ ಸೇರಿದ್ದವು. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾಗುವವರೆಗೆ ಅಲ್ಲಿಯ ಕನ್ನಡಿಗರಿಗೂ ಅವರೇ ಮುಖ್ಯಮಂತ್ರಿ.

ಅವರು ಬರುವ ಮುಂಚೆ, 1953ರಲ್ಲಿ, ಅರ್ಧ ದಿನ ಪಾಠ, ಉಳಿದ ಹೊತ್ತು ಮನೆಯ ಕಸುಬು ಎಂಬ ಯೋಜನೆ ಜಾರಿಗೆ ಬಂದು ಜನರ ವಿರೋಧಕ್ಕೆ ಗುರಿಯಾಗಿತ್ತು. ಕಾಮರಾಜರು ಅದನ್ನು ಕೈಬಿಟ್ಟರು. ಹಳ್ಳಿ ಹಳ್ಳಿಗೆ ಶಾಲೆ ತೆರೆಸಿದರು. ಶಾಲೆ ಆಯ್ತು, ಮೇಷ್ಟ್ರೂ ಬಂದರು. ಆದರೆ ಬಡವರ ಮಕ್ಕಳು ಬರಲಿಲ್ಲ. ಒಮ್ಮೆ ಪ್ರವಾಸದಲ್ಲಿ ರೈಲ್ವೆ ಗೇಟಿನ ಹತ್ತಿರ ಕಾರು ನಿಂತಾಗ ದನ ಕಾಯುವ ಹುಡುಗನನ್ನು ಕಂಡು, ಶಾಲೆಗೆ ಯಾಕೆ ಹೋಗಲಿಲ್ಲ ಅಂತ ವಿಚಾರಿಸಿದರಂತೆ. ಶಾಲೆಗೆ ಹೋದರೆ ಊಟ ಹಾಕ್ತಾರಾ ಎಂದು ಆ ಹುಡುಗ ಕೇಳಿದನಂತೆ. ಜನ ಈಗಲೂ ಹೇಳುವ ಕಥೆ ಇದು. ಆ ಹುಡುಗನಲ್ಲಿ ಕಾಮರಾಜರು ತಮ್ಮನ್ನೇ ಕಂಡಿರಬೇಕು.

ಶಾಲೆಯಲ್ಲಿ ಊಟ ಹಾಕುವುದು ಆ ನಾಡಿಗೆ ತೀರಾ ಹೊಸದೇನೂ ಅಲ್ಲ. 1920ರಲ್ಲೇ ಪಿ. ತ್ಯಾಗರಾಯ ಚೆಟ್ಟಿಯವರ ಮುಂದಾಳ್ತನದಲ್ಲಿ ಮದರಾಸು ನಗರಸಭೆ ಥೌಸಂಡ್ ಲೈಟ್ಸ್ ಬಡಾವಣೆಯ ತನ್ನ ಶಾಲೆಯಲ್ಲಿ ಬಡ ಮಕ್ಕಳಿಗೆ ತಿಂಡಿ ಕೊಡಲು ಶುರು ಮಾಡಿತ್ತು. ಕಾಮರಾಜರು ಅದನ್ನು ಇಡೀ ರಾಜ್ಯಕ್ಕೆ ಹಬ್ಬಿಸಲು ಹೊರಟರು. ದುಡ್ಡು ಎಲ್ಲಿಂದ ತರುವುದು ಎಂಬ ಪ್ರಶ್ನೆ ಬಂತು. ಅವರು ಹಿಂದೆ ಸರಿಯಲಿಲ್ಲ. ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದ ನೆ. ದು. ಸುಂದರವಡಿವೇಲು ಅವರನ್ನು ಜೊತೆಗಿಟ್ಟುಕೊಂಡು ಜನರ ಬಳಿಗೇ ಹೋದರು. 1956ರಲ್ಲಿ ಕವಿ ಸುಬ್ರಹ್ಮಣ್ಯ ಭಾರತಿಯವರ ಹುಟ್ಟೂರಾದ ಎಟ್ಟಯಪುರದಲ್ಲಿ ಮಧ್ಯಾಹ್ನದ ಊಟಕ್ಕೆ ಚಾಲನೆ ಕೊಟ್ಟರು. ಮಕ್ಕಳ ಊಟಕ್ಕಾಗಿ ಬೇಡಬೇಕಾದರೆ ಊರೂರಿಗೆ ಬಂದು ಬೇಡಲೂ ತಾವು ಸಿದ್ಧ ಎಂದು ಮುಖ್ಯಮಂತ್ರಿಯಾದವರೇ ತಿಳಿಸಿದರು.

ಮೊದಮೊದಲು ಊಟ ನಡೆದದ್ದು ಊರಿನವರು ಕೊಟ್ಟದ್ದರಲ್ಲೇ. ಆಮೇಲೆ ಸರ್ಕಾರ ತನ್ನ ಪಾಲು ಸೇರಿಸಿತು. 1961ರಿಂದ ಅಮೆರಿಕದ ಕೇರ್ ಸಂಸ್ಥೆ ಹಾಲಿನ ಪುಡಿ, ಅಡಿಗೆ ಎಣ್ಣೆ ಮುಂತಾದ್ದನ್ನು ಕೊಟ್ಟಿತು. ಬಡ ಮಕ್ಕಳಿಗೆ ಉಚಿತ ಸಮವಸ್ತ್ರವೂ ಬಂತು. ವಿರುದುನಗರದ ಹಿಡಿ ಅಕ್ಕಿ ಹೀಗೆ ರಾಜ್ಯಕ್ಕೆಲ್ಲ ಬೆಳೆಯಿತು.

1963ರ ಅಕ್ಟೋಬರ್ 2ರಂದು ಕಾಮರಾಜರು ಪಕ್ಷದ ಕೆಲಸಕ್ಕಾಗಿ ಅಧಿಕಾರ ಬಿಟ್ಟರು. 1964ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರು. ಲಾಲ್ ಬಹಾದ್ದೂರ್ ಶಾಸ್ತ್ರಿ, ಆಮೇಲೆ ಇಂದಿರಾ ಗಾಂಧಿ ಪ್ರಧಾನಿಗಳಾಗುವುದರಲ್ಲಿ ಅವರ ಪಾತ್ರ ದೊಡ್ಡದು. ಆದರೆ 1967ರ ಚುನಾವಣೆಯಲ್ಲಿ ಹುಟ್ಟೂರು ವಿರುದುನಗರದಲ್ಲೇ ಸೋತರು. ಅನ್ನ ಹಾಕಿದವರನ್ನೂ ಜನ ಸೋಲಿಸುವುದುಂಟು. ಹಾಕಿದ ಅನ್ನ ಮಾತ್ರ ವ್ಯರ್ಥ ಆಗಲಿಲ್ಲ. ಮುಂದೆ ಬಂದ ಸರ್ಕಾರಗಳು ಬೇರೆ ಪಕ್ಷದವು. ಆದರೂ 1982ರಲ್ಲಿ ಎಂ. ಜಿ. ರಾಮಚಂದ್ರನ್ ಅವರು ಊಟವನ್ನು ಇನ್ನಷ್ಟು ವಿಸ್ತರಿಸಿದರು. 2022ರಲ್ಲಿ ಬೆಳಗಿನ ತಿಂಡಿಯೂ ಶುರುವಾಯಿತು.

ಕಾಮರಾಜರು 1975ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿವಸವೇ, ಮದರಾಸಿನಲ್ಲಿ ತೀರಿಕೊಂಡರು. ಸ್ವಂತಕ್ಕೆ ಆಸ್ತಿ ಮಾಡಿರಲಿಲ್ಲ. ಒಂದಷ್ಟು ಬಟ್ಟೆ, ಪುಸ್ತಕ, ಸ್ವಲ್ಪ ಹಣ, ಅಷ್ಟೇ ಉಳಿದದ್ದು. 1976ರಲ್ಲಿ ಅವರಿಗೆ ಮರಣೋತ್ತರವಾಗಿ ಭಾರತರತ್ನ ಸಂದಿತು.

2001ರ ನವೆಂಬರಿನಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾದ ಊಟ 2003ರಲ್ಲಿ ಉಳಿದ ಜಿಲ್ಲೆಗಳಿಗೂ ಬಂತು. ಅದಕ್ಕೆ ಇಟ್ಟ ಹೆಸರು ಅಕ್ಷರ ದಾಸೋಹ. ಶರಣರು ಕೊಟ್ಟ ದಾಸೋಹ ಎಂಬ ಮಾತು ಶಾಲೆಯ ಅಡಿಗೆಮನೆಯ ಬಾಗಿಲ ಮೇಲೆ ಬಂದು ಕೂತಿತು.

ಭಕ್ತಾದಿಗಳು ಪ್ರಸಾದಕ್ಕೆ ಕೂತಾಗ ಪಂಕ್ತಿಯ ಕೊನೆಯ ಕಡೆ ಒಮ್ಮೆ ಕಣ್ಣು ಹಾಯಿಸಬೇಕು. ನುಗ್ಗಲಾರದೆ ಹಿಂದೆ ಉಳಿದ ಒಂದು ಮಗು ಅಲ್ಲಿ ಇದ್ದೇ ಇರುತ್ತೆ. ಊರಿಗೆ ಹೋದ ಮೇಲೆ ತಮ್ಮ ಊರಿನ ಶಾಲೆಯ ಅಡಿಗೆಮನೆಗೂ ಒಮ್ಮೆ ಹೋಗಿ ನೋಡಬೇಕು. ತರಕಾರಿ ಆಗಲಿ, ಬೇಳೆ ಆಗಲಿ, ಕೈಲಾದ ಒಂದು ಹಿಡಿ ಕೊಟ್ಟರೆ ಅದೂ ದಾಸೋಹವೇ. ಅದನ್ನು ಉಂಡ ಮಗು ನಾಳೆ ಎಷ್ಟು ಮಕ್ಕಳಿಗೆ ಅನ್ನ ಹಾಕುತ್ತೋ ಯಾರು ಬಲ್ಲರು.

ಶುಭಂ.