ಫಿಲಿಪ್ ಮೆಡೋಸ್ ಟೇಲರ್

ಫಿಲಿಪ್ ಮೆಡೋಸ್ ಟೇಲರ್ (25 ಸೆಪ್ಟೆಂಬರ್ 1808 – 13 ಮೇ 1876) ಹೈದರಾಬಾದಿನ ನಿಜಾಮರ ಸೇವೆಯಲ್ಲಿದ್ದ ಇಂಗ್ಲಿಷ್ ಅಧಿಕಾರಿ, ಸುರಪುರ ಸಂಸ್ಥಾನದ ಆಡಳಿತಗಾರ ಹಾಗೂ ಕಾದಂಬರಿಕಾರ. ಸಾಹಿತ್ಯ ಚರಿತ್ರೆಯಲ್ಲಿ ಇವರು ಠಕ್ಕರ ಕುರಿತ ಕಾದಂಬರಿಯಿಂದ ಪ್ರಸಿದ್ಧರು. ಕಲ್ಯಾಣ ಕರ್ನಾಟಕದ ಜನರಿಗೆ ಇವರ ಹೆಸರು ಪರಿಚಿತವಾಗಿರುವುದು ಬೇರೆ ಕಾರಣದಿಂದ. ಉತ್ತರಾಧಿಕಾರದ ಜಗಳ, ಸಾಲ ಮತ್ತು ದಂಗೆಯ ಭೀತಿಯಿಂದ ತತ್ತರಿಸುತ್ತಿದ್ದ ಒಂದು ಸಂಸ್ಥಾನವನ್ನು ಇವರು ಬಹುಮಟ್ಟಿಗೆ ಸೈನ್ಯದ ನೆರವಿಲ್ಲದೆ ಹತೋಟಿಗೆ ತಂದರು. ತಾವೇ ಬೆಳೆಸಿದ ಅರಸನ ಕಾಲದಲ್ಲಿ ಅದೇ ಸಂಸ್ಥಾನ ಕೈತಪ್ಪಿ ಹೋದುದನ್ನೂ ಕಂಡರು.

ಬಾಲ್ಯ ಮತ್ತು ಸೇವೆಗೆ ಸೇರ್ಪಡೆ

ಟೇಲರ್ ಹುಟ್ಟಿದ್ದು ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ತಂದೆ ವರ್ತಕರು. 1824ರಲ್ಲಿ, ಹದಿನಾರು ತುಂಬುವ ಮೊದಲೇ, ಹುಡುಗನನ್ನು ಮುಂಬಯಿಯ ಒಂದು ವ್ಯಾಪಾರಿ ಕೋಠಿಗೆ ಕಳುಹಿಸಲಾಯಿತು. ಆ ಕೋಠಿಯ ಸ್ಥಿತಿಯೇ ಚೆನ್ನಾಗಿರಲಿಲ್ಲ. ತಾಯಿಯ ಕಡೆಯ ಬಂಧುವೊಬ್ಬರ ಪ್ರಯತ್ನದಿಂದ ನಿಜಾಮರ ಸೈನ್ಯದಲ್ಲಿ ಕೆಲಸ ದೊರೆಯಿತು. ಸೈನಿಕ ಕೆಲಸದ ಜೊತೆಗೆ ಹಿಂದೂಸ್ತಾನಿ, ಮರಾಠಿ ಭಾಷೆಗಳನ್ನು ಕಲಿತರು. ಇನ್ನೂ ಎಳೆಯ ವಯಸ್ಸಿನಲ್ಲೇ ತುಳಜಾಪುರದ ಕಡೆ ಪೊಲೀಸ್ ಅಧಿಕಾರ ವಹಿಸಿಕೊಂಡು ಊರೂರು ಸುತ್ತಿದರು. 1832ರಲ್ಲಿ ಹೈದರಾಬಾದಿನ ಪ್ರಸಿದ್ಧ ಲೇವಾದೇವಿಗಾರ ವಿಲಿಯಂ ಪಾಮರ್ ಅವರ ಮಗಳು ಮೇರಿ ಅವರನ್ನು ವಿವಾಹವಾದರು. ಮೇರಿ 1844ರಲ್ಲಿ ತೀರಿಕೊಂಡರು.

ಇವರು ಈಸ್ಟ್ ಇಂಡಿಯಾ ಕಂಪನಿಯ ಖಾಯಂ ನೌಕರರಾಗಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಕಂಪನಿಯ ಅಧಿಕಾರಿಗಳಿಗೆ ಸಿಗುತ್ತಿದ್ದ ಬಡ್ತಿ, ಬೆಂಬಲಗಳು ನಿಜಾಮರ ನೌಕರರಿಗೆ ಸುಲಭವಾಗಿ ದಕ್ಕುತ್ತಿರಲಿಲ್ಲ. ಇಕ್ಕಟ್ಟಿನ ಹೊತ್ತಿನಲ್ಲಿ ಮೇಲಿನವರ ಆಸರೆಗಿಂತ ಸ್ಥಳೀಯರ ವಿಶ್ವಾಸವನ್ನೇ ಇವರು ಹೆಚ್ಚು ನೆಚ್ಚಿಕೊಂಡದ್ದಕ್ಕೆ ಇದೂ ಒಂದು ಕಾರಣವಿರಬಹುದು.

ಸುರಪುರದ ಬಿಕ್ಕಟ್ಟು

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಸುರಪುರ (ಇಂದು ಯಾದಗಿರಿ ಜಿಲ್ಲೆ) ಬೇಡ ನಾಯಕರ ಸಂಸ್ಥಾನ. ಕೃಷ್ಣೆಯ ದಕ್ಷಿಣಕ್ಕೆ ರಾಯಚೂರು ದೋಆಬ್, ಅಂದರೆ ಹಳೆಯ ಎಡೆದೊರೆ ನಾಡು. ಇಂದಿನ ಲಿಂಗಸುಗೂರು, ಮಸ್ಕಿ, ಸಿಂಧನೂರು ತಾಲೂಕುಗಳೂ ವಳಕಮದಿನ್ನಿಯಂಥ ಹಳ್ಳಿಗಳೂ ಈ ಭಾಗದವು. ಲಿಂಗಸುಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ದಂಡು ಇರುತ್ತಿತ್ತು. ಸುರಪುರದಲ್ಲಿ ಏನಾದರೂ ಗಲಭೆಯಾದರೆ ಸೈನ್ಯ ಹೊರಡುತ್ತಿದ್ದುದು ಅಲ್ಲಿಂದಲೇ.

1841ರ ವೇಳೆಗೆ ಸಂಸ್ಥಾನವು ನಿಜಾಮರಿಗೂ ಸಾಹುಕಾರರಿಗೂ ಭಾರಿ ಸಾಲ ತೀರಿಸಬೇಕಾಗಿತ್ತು. ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಉತ್ತರಾಧಿಕಾರಿ ವೆಂಕಟಪ್ಪ ನಾಯಕರು ಸುಮಾರು ಏಳು ವರ್ಷದ ಬಾಲಕ. ಆಡಳಿತ ತನ್ನ ಕೈಯಲ್ಲಿರಬೇಕೆಂದು ರಾಣಿ ಈಶ್ವರಮ್ಮ ಒಂದು ಕಡೆ, ದಿವಂಗತ ರಾಜರ ತಮ್ಮ ಪಿಡ್ಡನಾಯಕರು ಇನ್ನೊಂದು ಕಡೆ. ಇಬ್ಬರ ಬೆನ್ನಿಗೂ ಆಯುಧ ಹಿಡಿದ ಬೇಡರಿದ್ದರು. ಹೈದರಾಬಾದಿನ ರೆಸಿಡೆಂಟ್ ಜನರಲ್ ಫ್ರೇಜರ್ ಈ ಕಗ್ಗಂಟನ್ನು ಬಿಡಿಸಲು ಟೇಲರ್ ಅವರನ್ನು ಕಳುಹಿಸಿದರು.

ದಂಡನ್ನು ಕರೆಸಿ ಕೋಟೆಗೆ ಮುತ್ತಿಗೆ ಹಾಕುವ ದಾರಿ ತೆರೆದೇ ಇತ್ತು. ಟೇಲರ್ ಅದನ್ನು ಹಿಡಿಯಲಿಲ್ಲ. ಮೊದಲು ಮಾತುಕತೆ ನಡೆಸಿ ಸಂಸ್ಥಾನದ ಮುದ್ರೆಗಳನ್ನು ರಾಣಿಯಿಂದ ಬಿಡಿಸಿಕೊಂಡರು. ಮುದ್ರೆ ಯಾರಲ್ಲಿದೆಯೋ ಅವರ ಸನದೇ ಊರೂರಿಗೆ ಹೋಗುತ್ತಿದ್ದ ಕಾಲವದು. ಎರಡು ಕಡೆಯಿಂದ ಆಜ್ಞೆ ಹೊರಡುವುದು ಅಲ್ಲಿಗೆ ನಿಂತಿತು. ಬೇಡರ ಪ್ರಮುಖರನ್ನು ನೇರವಾಗಿ ಕಂಡು, ಅವರ ಹಿಡುವಳಿಗಳಿಗೆ ಧಕ್ಕೆ ಬಾರದೆಂಬ ಭರವಸೆ ಕೊಟ್ಟು ವಿಶ್ವಾಸಕ್ಕೆ ತೆಗೆದುಕೊಂಡರು. ಬಳಿಕ ಲೆಕ್ಕಪತ್ರಗಳಿಗೆ ಕೈಹಾಕಿದರು. ಬಿಕ್ಕಟ್ಟಿನಲ್ಲಿ ಮೊದಲು ಅಧಿಕಾರದ ಮೂಲ ಒಂದಾಗಬೇಕು, ಆಮೇಲೆ ಹಣಕಾಸು ಎಂಬ ಈ ಅನುಕ್ರಮ ಇಂದಿನ ಆಡಳಿತಶಾಸ್ತ್ರದ ವಿದ್ಯಾರ್ಥಿಗಳಿಗೂ ಗಮನಾರ್ಹ.

ಮುಂದೆ ಟೇಲರ್ ಅವರೇ ಸಂಸ್ಥಾನದ ಪೂರ್ಣ ಮೇಲ್ವಿಚಾರಕರಾದರು. ಸಾಲ ತೀರಿತು, ರಸ್ತೆ ಕೆರೆಗಳ ಕೆಲಸ ನಡೆಯಿತು. ಸುರಪುರದ ಸಮೀಪದ ಬೋನಾಳ ಕೆರೆಯನ್ನು ವಿಸ್ತರಿಸಿದ ಕೀರ್ತಿ ಇವರಿಗೆ ಸಲ್ಲುತ್ತದೆ. ಈಗ ಅದು ಪಕ್ಷಿಧಾಮ. ಔಷಧದ ಪೆಟ್ಟಿಗೆ ಇಟ್ಟುಕೊಂಡು ಬಂದವರಿಗೆ ತಾವೇ ಮದ್ದು ಕೊಡುತ್ತಿದ್ದರು. ಜನ ಇವರನ್ನು ಮಹಾದೇವ ಬಾಬಾ ಎಂದು ಕರೆದರು. ಬಾಲ ರಾಜರು ಇವರನ್ನು ಅಪ್ಪ ಎಂದು ಕರೆಯುತ್ತಿದ್ದರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ವಿವರಗಳಲ್ಲಿ ಬಹುಪಾಲು ಟೇಲರ್ ಅವರ ಆತ್ಮಕಥೆಯಿಂದಲೇ ಬಂದವು. ರಾಣಿ ಈಶ್ವರಮ್ಮನವರ ಪಕ್ಷದ ಮಾತು ನಮಗೆ ಅವರ ಎದುರಾಳಿಯ ಲೇಖನಿಯ ಮೂಲಕವೇ ದೊರೆಯುತ್ತದೆ.

ನಳದುರ್ಗ ಮತ್ತು 1857

1853ರಲ್ಲಿ ವೆಂಕಟಪ್ಪ ನಾಯಕರು ಪ್ರಾಪ್ತ ವಯಸ್ಕರಾದಾಗ ಟೇಲರ್ ಆಡಳಿತವನ್ನು ಅವರಿಗೆ ಒಪ್ಪಿಸಿದರು. ಅದೇ ವರ್ಷ ನಿಜಾಮರು ಸೈನ್ಯದ ವೆಚ್ಚಕ್ಕಾಗಿ ವರ್ಹಾಡ, ನಳದುರ್ಗ ಸೀಮೆ ಹಾಗೂ ರಾಯಚೂರು ದೋಆಬನ್ನು ಬ್ರಿಟಿಷರ ವಶಕ್ಕೆ ಬಿಟ್ಟುಕೊಟ್ಟರು. ನಳದುರ್ಗ ಜಿಲ್ಲೆ ಟೇಲರ್ ಪಾಲಿಗೆ ಬಂತು. ಅಲ್ಲಿ ಭೂಮಾಪನ ಮತ್ತು ಕಂದಾಯದ ವ್ಯವಸ್ಥೆಯಲ್ಲಿ ನಾಲ್ಕು ವರ್ಷ ಕಳೆದವು.

1857ರಲ್ಲಿ ಉತ್ತರ ಭಾರತ ಹೊತ್ತಿ ಉರಿಯುತ್ತಿದ್ದಾಗ ಇವರನ್ನು ವರ್ಹಾಡದ ಬುಲ್ಡಾಣಕ್ಕೆ ವರ್ಗಾಯಿಸಲಾಯಿತು. ಜಿಲ್ಲೆ ದೊಡ್ಡದು, ಕೈಯಲ್ಲಿ ಸೈನ್ಯವಿಲ್ಲ, ಕೇಳಿದರೂ ಸಿಗುವಂತಿರಲಿಲ್ಲ. ಟೇಲರ್ ಕಚೇರಿಯಲ್ಲಿ ಕೂರದೆ ಹಳ್ಳಿಗಳಲ್ಲಿ ಬಿಡಾರ ಹೂಡುತ್ತ ಹೋದರು. ಪಟೇಲ ಕುಲಕರ್ಣಿಗಳನ್ನು ದಿನವೂ ಕಂಡು, ಗಾಳಿಸುದ್ದಿ ಬೇರೂರುವ ಮೊದಲೇ ಉತ್ತರ ಕೊಟ್ಟರು. ಮದರಾಸಿನಿಂದ ಉತ್ತರಕ್ಕೆ ಸಾಗುತ್ತಿದ್ದ ಜನರಲ್ ವಿಟ್ಲಾಕ್ ಅವರ ಸೈನ್ಯಕ್ಕೆ ಫಿರಂಗಿ ಎಳೆಯುವ ಎತ್ತುಗಳನ್ನು ಒದಗಿಸಿಕೊಟ್ಟರು. ಜಿಲ್ಲೆ ಶಾಂತವಾಗಿತ್ತು. ಭಾರತೀಯರ ದೃಷ್ಟಿಯಿಂದ ನೋಡಿದರೆ ಈ ಸಾಮರ್ಥ್ಯ ಯಾರ ಪರವಾಗಿ ಬಳಕೆಯಾಯಿತು ಎಂಬ ಪ್ರಶ್ನೆ ಉಳಿದೇ ಇದೆ.

1858ರ ಸುರಪುರ

ಅತ್ತ ಸುರಪುರದಲ್ಲಿ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಸಿದ್ಧತೆ ನಡೆಸಿದ್ದರು. ಬೇಡರ ಜೊತೆಗೆ ಅರಬ್ ಮತ್ತು ರೋಹಿಲಾ ಸೈನಿಕರೂ ಸೇರಿದ್ದರು. ರಾಜರಿಗೆ ತಿಳಿಹೇಳಲೆಂದು ರೆಸಿಡೆಂಟರು ಕ್ಯಾಪ್ಟನ್ ರೋಸ್ ಕ್ಯಾಂಬೆಲ್ ಅವರನ್ನು ಕಳುಹಿಸಿದರು, ಅದು ಫಲಿಸಲಿಲ್ಲ. 1858ರ ಫೆಬ್ರವರಿ 7ರಂದು ಲಿಂಗಸುಗೂರಿನಿಂದ ಕ್ಯಾಪ್ಟನ್ ವಿಂಡಮ್ ಅವರ ತುಕಡಿ ಬಂತು. ಬಿಡಾರಕ್ಕೆಂದು ತೋರಿಸಿದ ಸ್ಥಳವು ಗುಡ್ಡಗಳ ನಡುವಿನ ಇಕ್ಕಟ್ಟಿನ ಜಾಗವೆಂದು ಕಂಡು ವಿಂಡಮ್ ಬಯಲಿನಲ್ಲಿ ಡೇರೆ ಹಾಕಿದರು. ಆ ರಾತ್ರಿಯೇ ದಾಳಿಯಾಯಿತು. ಬಯಲಿನಲ್ಲಿದ್ದ ಕಾರಣ ತುಕಡಿ ತಡೆದುಕೊಂಡಿತು. ಮರುದಿನ ಇನ್ನಷ್ಟು ಸೈನ್ಯ ಬಂದು ಸೇರಿತು. ಆ ಕಾದಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿ ಮಡಿದರು. ರಾಜರು ರಾತ್ರಿ ಕೆಲವೇ ಸವಾರರೊಡನೆ ಹೈದರಾಬಾದಿಗೆ ಹೊರಟುಹೋದರು. ಅಲ್ಲಿ ಸೆರೆಸಿಕ್ಕರು.

ಜನ ತೊರೆದುಹೋಗಿದ್ದ ಸುರಪುರವನ್ನು ನೆಲೆಗೊಳಿಸಲು ಟೇಲರ್ ಅವರನ್ನೇ ಮರಳಿ ಕಳುಹಿಸಲಾಯಿತು. ಹೈದರಾಬಾದಿನ ಸೆರೆಯಲ್ಲಿದ್ದ ರಾಜರನ್ನೂ ಅವರು ಭೇಟಿಯಾದರು. ರಾಜರಿಗೆ ವಿಧಿಸಿದ್ದ ಮರಣದಂಡನೆ ಹಂತಹಂತವಾಗಿ ಇಳಿದು ಕೊನೆಗೆ ನಾಲ್ಕು ವರ್ಷಗಳ ಸೆರೆವಾಸವಾಯಿತು. ನಡತೆ ಸರಿಯಿದ್ದರೆ ಸಂಸ್ಥಾನ ಮರಳಿ ದೊರೆಯುವ ಆಸೆಯೂ ಇತ್ತು. ಆದರೆ ಮದರಾಸಿನ ಕಡೆಗೆ ಕರೆದೊಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ರಾಜರು ಮೃತರಾದರು. ಅದು ಆತ್ಮಹತ್ಯೆಯೋ ಆಕಸ್ಮಿಕವೋ ಎಂಬ ಸಂದೇಹ ಟೇಲರ್ ಅವರಿಗೂ ಇತ್ತು. ಇಪ್ಪತ್ತನಾಲ್ಕನೆಯ ವರ್ಷದಲ್ಲಿ ರಾಜರಿಗೆ ಸಾವಿದೆಯೆಂದು ಜಾತಕ ಹೇಳಿದ ಪ್ರಸಂಗವನ್ನು ಅವರು ಆತ್ಮಕಥೆಯಲ್ಲಿ ವಿಸ್ತಾರವಾಗಿ ಬರೆದಿದ್ದಾರೆ. ಸುರಪುರದ ಜನ ವೆಂಕಟಪ್ಪ ನಾಯಕರನ್ನು ಸ್ವಾತಂತ್ರ್ಯ ಹೋರಾಟಗಾರರೆಂದು ಗೌರವಿಸುತ್ತಾರೆ.

ದುಂದುವೆಚ್ಚ ಮತ್ತು ಕೆಟ್ಟ ಸಹವಾಸ ರಾಜರನ್ನು ಹಾಳುಮಾಡಿದವು ಎಂಬುದು ಟೇಲರ್ ಅವರ ವಿವರಣೆ. ಆದರೆ ಹನ್ನೆರಡು ವರ್ಷ ಎಲ್ಲ ಎಳೆಗಳೂ ಒಬ್ಬ ವ್ಯಕ್ತಿಯ ಕೈಯಲ್ಲಿದ್ದವು. ಆ ವ್ಯಕ್ತಿ ಹೊರಟಾಗ ಅವುಗಳನ್ನು ಹಿಡಿಯಬಲ್ಲ ವ್ಯವಸ್ಥೆ ಸುರಪುರದಲ್ಲಿ ಬೆಳೆದಿರಲಿಲ್ಲವೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಬರಹಗಳು ಮತ್ತು ಕೊನೆಯ ದಿನಗಳು

ಟೇಲರ್ 1840ರಿಂದ 1853ರವರೆಗೆ ಲಂಡನ್ನಿನ ಟೈಮ್ಸ್ ಪತ್ರಿಕೆಯ ಬಾತ್ಮೀದಾರರಾಗಿದ್ದರು. 'ಕನ್ಫೆಷನ್ಸ್ ಆಫ್ ಎ ಠಗ್' (1839), 'ಟಿಪ್ಪೂ ಸುಲ್ತಾನ್' (1840), 'ತಾರಾ' (1863), 'ಸೀತಾ' (1872) ಇವರ ಮುಖ್ಯ ಕಾದಂಬರಿಗಳು. ಚಾಂದಬೀಬಿಯ ಕಥೆಯಾದ 'ಎ ನೋಬಲ್ ಕ್ವೀನ್' ಮರಣಾನಂತರ ಪ್ರಕಟವಾಯಿತು. ಸುರಪುರ ಸೀಮೆಯ ಬೃಹತ್ ಶಿಲಾ ಸಮಾಧಿಗಳ ಬಗ್ಗೆ ಬರೆದ ಮೊದಲಿಗರಲ್ಲಿ ಇವರೂ ಒಬ್ಬರು.

ಆರೋಗ್ಯ ಕೆಟ್ಟು 1860ರಲ್ಲಿ ಸ್ವದೇಶಕ್ಕೆ ಮರಳಿದರು. ಅದೇ ವರ್ಷ ಸುರಪುರ ನಿಜಾಮರ ರಾಜ್ಯಕ್ಕೆ ಸೇರಿತು, ರಾಯಚೂರು ದೋಆಬೂ ಅವರಿಗೆ ಹಿಂದಿರುಗಿತು. 1875ರಲ್ಲಿ, ದೃಷ್ಟಿ ಮಂದವಾಗಿದ್ದರೂ, ಸಾಲಾರ್ ಜಂಗ್ ಅವರ ಆಹ್ವಾನದ ಮೇರೆಗೆ ಟೇಲರ್ ಮತ್ತೆ ಹೈದರಾಬಾದಿಗೆ ಬಂದರು. ಊರಿಗೆ ಮರಳುವ ದಾರಿಯಲ್ಲಿ ಫ್ರಾನ್ಸಿನ ಮೆಂಟನ್ನಿನಲ್ಲಿ ನಿಧನರಾದರು. ಮಗಳು ಆಲಿಸ್ ಸಂಪಾದಿಸಿದ ಆತ್ಮಕಥೆ 1877ರಲ್ಲಿ ಹೊರಬಂತು. ಸುರಪುರದ ಗುಡ್ಡದ ಮೇಲೆ ಇವರು ಕಟ್ಟಿಸಿದ ಬಂಗಲೆಗೆ ಟೇಲರ್ ಮಂಜಿಲ್ ಎಂಬ ಹೆಸರಿದೆ.